ಆನೆ, ರಾಮದರ್ಬಾರ್, ವರಾಹ: ರಥಬೀದಿಯ ಮೂರು ನಾಣ್ಯಗಳ ಪರೀಕ್ಷೆ

ಪ್ರಶ್ನೆ: ನಾನು ಉಡುಪಿಯವನು, ಡಿಗ್ರಿ ಓದುತ್ತಿದ್ದೇನೆ. ಹಳೆ ನಾಣ್ಯ ಸಂಗ್ರಹ ಶುರು ಮಾಡಿ ಆರು ತಿಂಗಳಾಯಿತು. ಲಕ್ಷದೀಪೋತ್ಸವದ ಸಮಯ ರಥಬೀದಿಯ ಹತ್ತಿರ ಒಬ್ಬರು ಬಟ್ಟೆ ಹಾಸಿ ನಾಣ್ಯ ಮಾರುತ್ತಿದ್ದರು. ಆನೆ ಇರುವ ಟಿಪ್ಪು ಕಾಲದ ತಾಮ್ರದ ನಾಣ್ಯ ಒಂದನ್ನು 400 ರೂಪಾಯಿಗೆ ತೆಗೆದುಕೊಂಡೆ. ಒಂದು ಬದಿಯಲ್ಲಿ ರಾಮ, ಸೀತೆ, ಹನುಮಂತ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ 1818 ಎಂದು ಇರುವುದನ್ನು 1,500ಕ್ಕೆ ಕೊಂಡೆ. ಕೃಷ್ಣದೇವರಾಯನ ಚಿನ್ನದ ವರಾಹ ಉಂಟು, 6,000ಕ್ಕೆ ಕೊಡುತ್ತೇನೆ ಎಂದು ಫೋನ್ ನಂಬರ್ ಕೊಟ್ಟಿದ್ದಾರೆ. ನಮ್ಮ ಮಾವ ಬಿಡುವುದು ಬೇಡ, ತೆಗೆದುಕೊಳ್ಳೋಣ ಅನ್ನುತ್ತಾರೆ. ಅಸಲಿ ಯಾವುದು, ನಕಲಿ ಯಾವುದು ಎಂದು ನನ್ನಂಥ ಹೊಸಬ ಹೇಗೆ ತಿಳಿಯುವುದು?

ಉತ್ತರ:

ಮೊದಲು ನಿಮ್ಮ ಮಾವನಿಗೆ ಹೇಳಿ, ಆ ವರಾಹ ಬೇಡವೇ ಬೇಡ. ಕಾರಣ ಆಮೇಲೆ ಹೇಳುತ್ತೇನೆ. 1818ರ ರಾಮದರ್ಬಾರ್ ನಾಣ್ಯ ನಕಲಿ, ಅದನ್ನು ನಾನು ಕಣ್ಣಲ್ಲಿ ನೋಡದೆಯೇ ಹೇಳಬಲ್ಲೆ. ಆನೆಯದ್ದು ಮಾತ್ರ ಅಸಲಿ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ನೀವೇ ಮನೆಯಲ್ಲಿ ಪರೀಕ್ಷೆ ಮಾಡಬೇಕು, ಹೇಗೆಂದು ಬಿಡಿಸಿ ಹೇಳುತ್ತೇನೆ.

1818ರದ್ದನ್ನು ನಕಲಿ ಎಂದೆ, ಆದರೆ ಅದು ಯಾವುದೇ ಅಸಲಿ ನಾಣ್ಯದ ನಕಲು ಕೂಡ ಅಲ್ಲ. ಅಂಥ ನಾಣ್ಯವನ್ನು ಕಂಪನಿ ಯಾವತ್ತೂ ಹೊಡೆಯಲೇ ಇಲ್ಲ. ರಾಮ, ಹನುಮಂತ, ಓಂ, ಕಮಲ ಎಂದು ಹತ್ತಾರು ತರದವು ಬರುತ್ತವೆ. ಇಸವಿಯೂ ಬಾಯಿಗೆ ಬಂದಂತೆ, 1616, 1717, 1818 ಹೀಗೆ. ಹಿಂದೆ ‘ಯುಕೆಎಲ್ ಆಣೆ’ ಎಂದು ಇರುತ್ತದೆ. ಆ ಹೆಸರಿನ ಆಣೆ ಯಾವ ಟಂಕಸಾಲೆಯ ಲೆಕ್ಕದಲ್ಲೂ ಇಲ್ಲ. ಕಂಪನಿ ಇಡೀ ದೇಶಕ್ಕೆ ಒಂದೇ ತರದ ನಾಣ್ಯ ತಂದದ್ದು 1835ರಲ್ಲಿ. ಅದಕ್ಕೆ ಮೊದಲು ಬಂಗಾಳ, ಬೊಂಬಾಯಿ, ಮದ್ರಾಸು ಪ್ರಾಂತ್ಯಗಳು ಬೇರೆ ಬೇರೆಯಾಗಿ ಹೊಡೆಯುತ್ತಿದ್ದವು.

ಈ ಸುಳ್ಳನ್ನು ಜನ ನಂಬುವುದಕ್ಕೆ ಒಂದು ಕಾರಣ ಇದೆ. ಕಂಪನಿ ದೇವರ ಚಿತ್ರ ಇರುವ ನಾಣ್ಯ ಹೊಡೆದದ್ದು ನಿಜ. ಮದ್ರಾಸಿನಲ್ಲಿ ‘ಮೂರು ಸ್ವಾಮಿ ಪಗೋಡ’ ಎಂಬ ಚಿನ್ನದ ನಾಣ್ಯ ಇತ್ತು, ಅದರಲ್ಲಿ ಇಬ್ಬರು ದೇವಿಯರ ನಡುವೆ ವಿಷ್ಣು ಇದ್ದಾನೆ. ವಿಜಯನಗರದ ವರಾಹ ನೋಡಿ ಅಭ್ಯಾಸವಾದ ಜನ ಅಂಥದ್ದನ್ನೇ ನಂಬುತ್ತಿದ್ದರು, ಅದಕ್ಕೆ ಕಂಪನಿಯೂ ಅದೇ ಮಾದರಿ ಹಿಡಿಯಿತು. ಆದರೆ ಅದು ಉಗುರಿನಷ್ಟು ಸಣ್ಣದು, ಚಿನ್ನದ್ದು, ಅದರ ಮೇಲೆ ಒಂದು ಅಕ್ಷರ ಇಂಗ್ಲಿಷ್ ಇಲ್ಲ. ನಿಮ್ಮ ಕೈಯಲ್ಲಿರುವುದು ದೊಡ್ಡದು, ದಪ್ಪ, ಇಂಗ್ಲಿಷ್ ಅಕ್ಷರ ತುಂಬಿರುವುದು. ಎಲ್ಲಿಂದ ಎಲ್ಲಿಗೆ!

ಇದೇ ಬಿಲ್ಲೆಯನ್ನು ‘ಅಕ್ಕಿ ಎಳೆಯುತ್ತದೆ, ವಿದೇಶದವರು ಕೋಟಿ ಕೊಡುತ್ತಾರೆ’ ಎಂದು ಹೇಳಿ ಮಾರುವವರೂ ಇದ್ದಾರೆ. ರೈಸ್ ಪುಲ್ಲಿಂಗ್ ಎಂದು ಪೇಪರಿನಲ್ಲಿ ಓದಿರಬಹುದು. ಯಾವ ಲೋಹವೂ ಅಕ್ಕಿಕಾಳನ್ನು ಎಳೆಯುವುದಿಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ, ಕೆಳಗೆ ಅಯಸ್ಕಾಂತ ಇಟ್ಟು ತೋರಿಸುತ್ತಾರೆ. ನಿಮ್ಮ 1,500 ಹೋಯಿತು, ಸರಿ, ಅಲ್ಲಿಗೆ ಬಿಡಿ. ಆದರೆ ಆ ಬಿಲ್ಲೆಯನ್ನು ಬೇರೆಯವರಿಗೆ ದಾಟಿಸಬೇಡಿ. ಇಟ್ಟುಕೊಳ್ಳಿ, ಮುಂದೆ ಹೋಲಿಕೆಗೆ ಬೇಕಾಗುತ್ತದೆ.

ಇನ್ನು ಮುಖ್ಯ ವಿಷಯ. ಹೊಸಬರು ನಾಣ್ಯ ಕೈಗೆ ಬಂದ ಕೂಡಲೇ ಚಿತ್ರ ನೋಡುತ್ತಾರೆ. ಆನೆ ಚೆಂದ ಉಂಟಾ, ದೇವರ ಮುಖ ಕಾಣುತ್ತದಾ ಅಂತ. ನಕಲಿ ಮಾಡುವವನೂ ಚಿತ್ರದ ಮೇಲೆಯೇ ಜಾಸ್ತಿ ಕೆಲಸ ಮಾಡಿರುತ್ತಾನೆ, ಹಾಗಾಗಿ ಅಲ್ಲಿ ನೀವು ಸೋಲುತ್ತೀರಿ. ನೋಡಬೇಕಾದ್ದು ಆ ಲೋಹದ ಚೂರು ನಾಣ್ಯ ಆದದ್ದು ಹೇಗೆ ಎಂದು. ಹೊಡೆದು ಮಾಡಿದ್ದಾ, ಕರಗಿಸಿ ಹೊಯ್ದದ್ದಾ? ಈ ಒಂದು ಪ್ರಶ್ನೆ ಕೇಳುವ ಅಭ್ಯಾಸವಾದರೆ ಸಂತೆಯಲ್ಲಿ ಸಿಗುವ ಹೆಚ್ಚಿನ ನಕಲಿಗಳು ಅಲ್ಲೇ ಸಿಕ್ಕಿಬೀಳುತ್ತವೆ.

ನಮ್ಮ ಕಡೆಯ ಹಳೆ ನಾಣ್ಯಗಳು, ಅಂದರೆ ವಿಜಯನಗರ, ಕೆಳದಿ, ಹೈದರ್, ಟಿಪ್ಪು, ಮೈಸೂರು ಅರಸರು, ಇವೆಲ್ಲ ಅಚ್ಚಿನಿಂದ ಹೊಡೆದವು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಲೋಹದ ಬಿಲ್ಲೆ, ಮೇಲಿಂದ ಸುತ್ತಿಗೆಯ ಪೆಟ್ಟು. ಹಲಸಿನ ಹಪ್ಪಳ ಮಾಡುವುದನ್ನು ನೋಡಿದ್ದೀರಲ್ಲ? ಹಿಟ್ಟಿನ ಉಂಡೆಯನ್ನು ಎರಡು ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತುತ್ತಾರೆ. ಹಿಟ್ಟು ಹೊರಗೆ ಹರಡುತ್ತದೆ, ಅಂಚು ಅಲ್ಲಲ್ಲಿ ಸೀಳುತ್ತದೆ, ಎರಡು ಹಪ್ಪಳ ಒಂದೇ ಆಕಾರಕ್ಕೆ ಬರುವುದಿಲ್ಲ. ಪೆಟ್ಟು ತಿಂದ ಲೋಹವೂ ಹಾಗೆಯೇ. ಅಂಚಿನಲ್ಲಿ ಸಣ್ಣ ಸೀಳು ಇರುತ್ತದೆ. ಚಿತ್ರ ಒಂದು ಪಕ್ಕಕ್ಕೆ ಸರಿದಿರುತ್ತದೆ, ಆನೆಯ ಬಾಲವೋ ಸೊಂಡಿಲೋ ಬಿಲ್ಲೆಯಿಂದ ಹೊರಗೆ ಹೋಗಿರುತ್ತದೆ. ಅಕ್ಷರದ ಬದಿ ನೆಟ್ಟಗೆ ಎದ್ದು ನಿಂತಿರುತ್ತದೆ.

ಈಗ ಅಚ್ಚು ಬೆಲ್ಲ ನೆನಪು ಮಾಡಿಕೊಳ್ಳಿ. ಬಿಸಿ ಪಾಕ ಹೊಯ್ದು ಆರಿದ್ದು. ಮೂಲೆಗಳೆಲ್ಲ ಮೆತ್ತಗೆ ಗುಂಡಾಗಿರುತ್ತವೆ, ಮೈಮೇಲೆ ಗಾಳಿಗುಳ್ಳೆಯ ಸಣ್ಣ ಸಣ್ಣ ತೂತು. ಎರಕದ ನಕಲಿ ನಾಣ್ಯ ಹೆಚ್ಚು ಕಡಿಮೆ ಹೀಗೆಯೇ ಕಾಣುತ್ತದೆ. ಅಸಲಿ ನಾಣ್ಯವನ್ನು ಮಣ್ಣಿನಲ್ಲೋ ರಬ್ಬರಿನಲ್ಲೋ ಒತ್ತಿ ಪಡಿಯಚ್ಚು ತೆಗೆಯುತ್ತಾರೆ, ಅದಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಲೋಹ ಆರುವಾಗ ಕುಗ್ಗುತ್ತದೆ, ಸಣ್ಣ ಗೆರೆಗಳು ಮಾಸುತ್ತವೆ, ಸಾಬೂನು ಹಚ್ಚಿದ ಹಾಗೆ ಮೈ ನುಣುಪಾಗುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇಟ್ಟು ಅಕ್ಷರಗಳ ಸಂದಿ ನೋಡಿ, ಸೂಜಿ ಚುಚ್ಚಿದಂಥ ಗುಂಡಿಗಳು ಕಾಣುತ್ತವೆ. ಕೆಲವು ಕಡೆ ಗುಂಡಿಯ ಬದಲು ಸಣ್ಣ ಗುಳ್ಳೆ ಮೇಲೆದ್ದಿರುತ್ತದೆ, ಪಡಿಯಚ್ಚಿನಲ್ಲೇ ಗಾಳಿ ನಿಂತರೆ ಹಾಗಾಗುತ್ತದೆ.

ಅಂಚನ್ನು ಮರೆಯಬೇಡಿ. ನನ್ನ ಕೈಗೆ ಯಾರು ನಾಣ್ಯ ಕೊಟ್ಟರೂ ನಾನು ಮೊದಲು ತಿರುಗಿಸಿ ನೋಡುವುದು ಅಂಚನ್ನೇ. ಎರಡು ಅರ್ಧಗಳ ಪಡಿಯಚ್ಚು ಸೇರುವ ಜಾಗದಲ್ಲಿ ಸುತ್ತ ಒಂದು ಗೆರೆ ಬರುತ್ತದೆ. ಅದನ್ನು ಅಡಗಿಸಲು ಅರದಿಂದ ಉಜ್ಜುತ್ತಾರೆ. ಉಜ್ಜಿದ ಗೆರೆಗಳು ಒಂದೇ ದಿಕ್ಕಿಗೆ, ಒಂದೇ ಆಳಕ್ಕೆ ಇರುತ್ತವೆ. ನೂರಾರು ವರ್ಷ ಕೈ ಬದಲಾಯಿಸಿದ ಅಂಚು ಹಾಗಿರಲು ಸಾಧ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಎರಕ ಎಂದ ಕೂಡಲೇ ಎಲ್ಲವೂ ನಕಲಿ ಎಂದು ತಳ್ಳಬೇಡಿ. ನಡುವೆ ಚೌಕದ ತೂತಿರುವ ಚೀನಾದ ನಾಣ್ಯಗಳು ಎರಕದಲ್ಲೇ ಆದವು. ಉತ್ತರ ಭಾರತದ ಅಕ್ಷರವಿಲ್ಲದ ಪ್ರಾಚೀನ ತಾಮ್ರದ ನಾಣ್ಯಗಳಲ್ಲಿ ಕೆಲವು ತರಗಳೂ ಎರಕದವು. ಹಾಗಾಗಿ ನಿಮ್ಮ ಮುಂದಿರುವ ನಾಣ್ಯವನ್ನು ಆ ಕಾಲದಲ್ಲಿ ಹೇಗೆ ಮಾಡುತ್ತಿದ್ದರು ಎಂದು ಮೊದಲು ಗೊತ್ತಿರಬೇಕು.

ಮುದ್ರಾಂಕಿತ ಬೆಳ್ಳಿ ನಾಣ್ಯಗಳನ್ನೇ ತೆಗೆದುಕೊಳ್ಳಿ. ಪಂಚ್ ಮಾರ್ಕ್ ಎಂದು ಕರೆಯುತ್ತಾರಲ್ಲ, ಮೌರ್ಯರ ಕಾಲದವು. ಬೆಳ್ಳಿಯ ತಗಡನ್ನು ಚೂರು ಚೂರಾಗಿ ಕತ್ತರಿಸಿ, ತೂಕ ಸರಿ ಮಾಡಲು ಮೂಲೆ ಕತ್ತರಿಸಿ, ಆಮೇಲೆ ಸೂರ್ಯ, ಬೆಟ್ಟ, ಪ್ರಾಣಿ ಹೀಗೆ ಐದು ಗುರುತುಗಳನ್ನು ಒಂದೊಂದಾಗಿ ಬೇರೆ ಬೇರೆ ಮೊಳೆಯಿಂದ ಒತ್ತುತ್ತಿದ್ದರು. ಹಾಗಾಗಿ ಒಂದು ಗುರುತು ಆಳ, ಒಂದು ತೆಳು, ಒಂದರ ಮೇಲೆ ಇನ್ನೊಂದು ಏರಿರುತ್ತದೆ. ತೂಕ ಸುಮಾರು 3.4 ಗ್ರಾಂ. ಸಂತೆಯ ನಕಲಿಯಲ್ಲಿ ಐದೂ ಗುರುತು ಒಂದೇ ಆಳ, ಎಲ್ಲವೂ ನೀಟಾಗಿ ಜಾಗ ಹಂಚಿಕೊಂಡು ಕೂತಿರುತ್ತವೆ. ಅಷ್ಟು ನೀಟು ಕಂಡರೆ ಕೆಳಗಿಡಿ.

ಈಗ ನಿಮ್ಮ ಆನೆಗೆ ಬರೋಣ. ಆನೆ ಇದ್ದ ಮಾತ್ರಕ್ಕೆ ಟಿಪ್ಪು ಅಲ್ಲ, ಇದು ನಮ್ಮಲ್ಲಿ ದಿನಾ ಆಗುವ ತಪ್ಪು. ವಿಜಯನಗರದ ದೇವರಾಯನ ತಾಮ್ರದ ನಾಣ್ಯದಲ್ಲೂ ಆನೆ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯದಲ್ಲೂ ಇದೆ, ಅದರಲ್ಲಿ ಆನೆಯ ಮೇಲೆ ಸೂರ್ಯ ಚಂದ್ರರ ನಡುವೆ ಕನ್ನಡದಲ್ಲಿ ‘ಶ್ರೀ’ ಎಂದು ಬರೆದಿರುತ್ತದೆ. ಟಿಪ್ಪುವಿನದ್ದರಲ್ಲಿ ಕನ್ನಡ ಇಲ್ಲ. ಹಿಂಬದಿ ಪೂರ್ತಿ ಪರ್ಶಿಯನ್ ಲಿಪಿ, ಟಂಕಸಾಲೆಯ ಹೆಸರು ಇರುತ್ತದೆ, ಶ್ರೀರಂಗಪಟ್ಟಣ ಆದರೆ ‘ಪಟ್ಟನ್’. ಪೈಸೆಗೆ ‘ಜೊಹ್ರಾ’ ಎಂದು ಶುಕ್ರ ಗ್ರಹದ ಹೆಸರು, ಅರ್ಧ ಪೈಸೆಗೆ ‘ಬಹ್ರಾಮ್’ ಎಂದು ಮಂಗಳ ಗ್ರಹದ ಹೆಸರು ಕೊಟ್ಟಿದ್ದ. ಅವನು 1787ರ ಹೊತ್ತಿಗೆ ತಂದ, ಪ್ರವಾದಿ ಮುಹಮ್ಮದರ ಜನ್ಮದಿಂದ ಎಣಿಸುವ ಮೌಲೂದಿ ಶಕೆಯ ಇಸವಿಗಳ ಅಂಕಿ ಬಲದಿಂದ ಎಡಕ್ಕೆ ಹೋಗುತ್ತವೆ. 1218 ಎಂಬುದು ನಮ್ಮ ಕಣ್ಣಿಗೆ 8121 ಎಂದು ಕಾಣುತ್ತದೆ. ಇದನ್ನು ನೋಡಿ ಅಂಕಿ ತಿರುಗುಮುರುಗಾಗಿದೆ, ನಕಲಿ ಎಂದು ಒಳ್ಳೆ ನಾಣ್ಯವನ್ನು ಬಿಟ್ಟವರೂ ಇದ್ದಾರೆ.

ಪರ್ಶಿಯನ್ ಓದಲು ಬರದಿದ್ದರೂ ತೊಂದರೆ ಇಲ್ಲ. ಅಕ್ಷರ ಬರೆದವನಿಗೆ ಆ ಲಿಪಿ ಬರುತ್ತಿತ್ತೋ, ಸುಮ್ನೆ ಬಳ್ಳಿ ಎಳೆದಿದ್ದಾನೋ ಎಂದು ಮ್ಯೂಸಿಯಂ ಚಿತ್ರದ ಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಆದರೆ ಅಸಲಿಯಿಂದಲೇ ಪಡಿಯಚ್ಚು ತೆಗೆದ ಎರಕದಲ್ಲಿ ಅಕ್ಷರವೂ ಇಸವಿಯೂ ಸರಿಯಾಗಿಯೇ ಇರುತ್ತವೆ. ಆಗ ಮತ್ತೆ ಮೈ ಮತ್ತು ಅಂಚಿಗೆ ಹೋಗಬೇಕು.

ಸವೆತವನ್ನೂ ನೋಡಿ. ಕೈಯಿಂದ ಕೈಗೆ ಹೋದ ನಾಣ್ಯದಲ್ಲಿ ಮೊದಲು ಸವೆಯುವುದು ಎತ್ತರದ ಜಾಗ, ಅಂದರೆ ಆನೆಯ ಹೊಟ್ಟೆ, ಸೊಂಟ, ತಲೆ. ತಗ್ಗಿನ ಜಾಗದಲ್ಲಿ ಗೆರೆ ಹರಿತವಾಗಿ ಉಳಿದಿರುತ್ತದೆ, ಕೊಳೆ ಕೂತಿರುತ್ತದೆ. ನಕಲಿಯಲ್ಲಿ ಹೊಟ್ಟೆಯೂ ಮಾಸಲು, ಕಾಲಿನ ಸಂದಿಯೂ ಅಷ್ಟೇ ಮಾಸಲು. ನಕಲಿಗೆ ಸವೆತ ತರಿಸುವ ವಿದ್ಯೆ ಹೊಸದೇನಲ್ಲ. ಜರ್ಮನಿಯಲ್ಲಿ ಕಾರ್ಲ್ ಬೆಕರ್ ಎಂಬವನಿದ್ದ, 1772ರಿಂದ 1830ರವರೆಗೆ ಬದುಕಿದ್ದವನು. ಗ್ರೀಕ್, ರೋಮನ್ ನಾಣ್ಯಗಳಿಗೆ ಹೊಸ ಅಚ್ಚು ಕೊರೆದು ಹೊಡೆಯುತ್ತಿದ್ದ. ಹೊಡೆದ ನಾಣ್ಯಗಳನ್ನು ಕಬ್ಬಿಣದ ಪುಡಿ ಮತ್ತು ಜಿಡ್ಡು ತುಂಬಿದ ಪೆಟ್ಟಿಗೆಯಲ್ಲಿ ಹಾಕಿ ತನ್ನ ಕುದುರೆಗಾಡಿಗೆ ಕಟ್ಟಿ ಓಡಿಸುತ್ತಿದ್ದನಂತೆ, ಹೊಸ ಹೊಳಪು ಹೋಗಲಿ ಎಂದು. ಅವನ ಕೆಲಸ ಎಷ್ಟು ಚೆನ್ನಾಗಿತ್ತು ಎಂದರೆ ದೊಡ್ಡ ದೊಡ್ಡ ಸಂಗ್ರಹಗಳೊಳಗೆ ಅವು ಸೇರಿಕೊಂಡವು. ಅಚ್ಚು ಕೊರೆದು ಹೊಡೆದ ಇಂಥ ನಕಲಿಯನ್ನು ಹೊಸಬ ಹಿಡಿಯುವುದು ಕಷ್ಟ. ಅದಕ್ಕೇ ದುಬಾರಿ ನಾಣ್ಯದ ತಂಟೆಗೆ ಮೊದಲ ವರ್ಷ ಹೋಗಬೇಡಿ ಎನ್ನುವುದು.

ಆ ರಥಬೀದಿಯ ಮಾರುವವರ ಹತ್ತಿರ ಇನ್ನೊಮ್ಮೆ ಹೋದರೆ ಒಂದು ಕೆಲಸ ಮಾಡಿ. ಆನೆ ನಾಣ್ಯ ಎಷ್ಟಿದೆಯೋ ಅಷ್ಟನ್ನೂ ಒಟ್ಟಿಗೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡಿ. ಕೈಯಲ್ಲಿ ಹೊಡೆದ ಎರಡು ನಾಣ್ಯ ಪೂರ್ತಿ ಒಂದೇ ತರ ಇರುವುದಿಲ್ಲ. ಒಂದೇ ಅಚ್ಚಿನವಾದರೂ ಒಂದರಲ್ಲಿ ಚಿತ್ರ ಎಡಕ್ಕೆ ಸರಿದಿದ್ದರೆ ಇನ್ನೊಂದರಲ್ಲಿ ಕೆಳಗೆ, ಅಂಚಿನ ಸೀಳು ಬೇರೆ ಬೇರೆ ಕಡೆ. ಅದೇ ಜಾಗದಲ್ಲಿ ಅದೇ ಗೀರು, ಅದೇ ಸೀಳು, ಅದೇ ಆಕಾರ ಎರಡರಲ್ಲಿ ಕಂಡಿತೋ, ಎರಡೂ ಒಂದೇ ತಾಯಿಯ ಎರಕದ ಮಕ್ಕಳು. ಇದಕ್ಕೆ ಲೂಪೂ ಬೇಡ, ತಕ್ಕಡಿಯೂ ಬೇಡ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪರೀಕ್ಷೆ ಇದೇ.

ಮನೆಯಲ್ಲಿ ಮಾಡಬೇಕಾದ ಎರಡನೆಯದು ತೂಕ. 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ನಾಣ್ಯಕ್ಕೆ ದುಡ್ಡು ಹಾಕುವ ಮೊದಲು ಅದಕ್ಕೆ ಹಾಕಿ. ಟಿಪ್ಪುವಿನ ಪೈಸೆ ಹೆಚ್ಚು ಕಡಿಮೆ 11 ಗ್ರಾಂ, ಎರಡು ಪೈಸೆಯದ್ದು ಅದರ ದುಪ್ಪಟ್ಟು, ಅರ್ಧ ಪೈಸೆ ಸುಮಾರು ಐದೂವರೆ. ಸವೆದು ಸ್ವಲ್ಪ ಕಡಿಮೆ ಬರಬಹುದು. ಪೈಸೆಯ ಅಳತೆಯದ್ದೇ ನಾಣ್ಯ ಏಳು ಗ್ರಾಂ ತೂಗಿದರೆ ಯೋಚಿಸಬೇಕು.

ಆಮೇಲೆ ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ಒಂದು ಹಗುರ ಪ್ಲಾಸ್ಟಿಕ್ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಸಪೂರ ನೂಲು ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೂ ಬದಿಗೂ ತಾಗಬಾರದು, ಮೈಗೆ ಗಾಳಿಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. 11.20 ಗ್ರಾಂ ನಾಣ್ಯಕ್ಕೆ ನೀರಿನಲ್ಲಿ 1.26 ಬಂದರೆ ಉತ್ತರ 8.89, ಅದು ತಾಮ್ರಕ್ಕೆ ಸರಿ, ಶುದ್ಧ ತಾಮ್ರ 8.96. 1.60 ಬಂದರೆ ಉತ್ತರ 7, ಅದು ಸತುವೋ ತವರವೋ ಬೆರೆಸಿದ ಅಗ್ಗದ ಲೋಹ. ಹಿತ್ತಾಳೆ ಎಂಟೂವರೆಯ ಆಚೀಚೆ ಬರುತ್ತದೆ, ತಾಮ್ರಕ್ಕೆ ತೀರಾ ಹತ್ತಿರ, ಹಾಗಾಗಿ ಅಲ್ಲಿ ಈ ಲೆಕ್ಕದ ಮೇಲೆ ಮಾತ್ರ ನಿಲ್ಲಬೇಡಿ. ಕೈ ಪಳಗಿಸಲು ಮನೆಯ ಬ್ರಿಟಿಷ್ ಬೆಳ್ಳಿ ರೂಪಾಯಿ ಒಂದು ತೆಗೆದುಕೊಳ್ಳಿ, ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರೂಪಾಯಿ ಇಲ್ಲದ ಮನೆ ನಮ್ಮ ಕಡೆ ಕಡಿಮೆ. ಅದು 11.66 ಗ್ರಾಂ ಇರಬೇಕು, ನೀರಿನಲ್ಲಿ 1.13ರ ಹತ್ತಿರ ತೋರಿಸಬೇಕು. 1.35ರ ಹತ್ತಿರ ಹೋದರೆ ಅದು ಬೆಳ್ಳಿ ಅಲ್ಲ, ಜರ್ಮನ್ ಸಿಲ್ವರ್, ಅಂದರೆ ಬೆಳ್ಳಿಯೇ ಇಲ್ಲದ ತಾಮ್ರ, ನಿಕಲ್, ಸತುವಿನ ಮಿಶ್ರಲೋಹ.

ಅಯಸ್ಕಾಂತ ಹಿಡಿದು ನೋಡುವುದೂ ಸರಿಯೇ. ಚಿನ್ನ, ಬೆಳ್ಳಿ, ತಾಮ್ರ ಯಾವುದೂ ಅಂಟುವುದಿಲ್ಲ. ಅಂಟದಿದ್ದರೆ ಅಸಲಿ ಎಂದು ಅರ್ಥವಲ್ಲ, ಅಷ್ಟೇ. ಕಲ್ಲಿನ ಮೇಲೆ ಬೀಳಿಸಿ ಶಬ್ದ ಕೇಳುವ ಪದ್ಧತಿ ಮಾತ್ರ ದಯವಿಟ್ಟು ಬೇಡ ಮಾರಾಯ್ರೆ. ಮಣ್ಣಿನಲ್ಲಿ ನೂರಾರು ವರ್ಷ ಇದ್ದ ಬೆಳ್ಳಿ ಒಳಗೊಳಗೆ ಹರಳುಗಟ್ಟಿ ಪೆಡಸಾಗಿರುತ್ತದೆ, ಬಿದ್ದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ.

ಹಸಿರು ಬಣ್ಣದ ವಿಷಯದಲ್ಲೂ ಜನ ಮೋಸ ಹೋಗುತ್ತಾರೆ. ಹಸಿರು ಇದ್ದರೆ ಹಳೆಯದು ಎಂಬ ಲೆಕ್ಕ. ಆಸಿಡ್ ಹಾಕಿ, ಉಪ್ಪುನೀರಿನಲ್ಲಿ ಇಟ್ಟು ಕೆಲವೇ ದಿನಗಳಲ್ಲಿ ಹಸಿರು ತರಿಸಬಹುದು, ಪೇಂಟೇ ಬಳಿಯುವವರೂ ಇದ್ದಾರೆ. ನಿಜವಾದ ಕಿಲುಬು ಲೋಹದೊಳಗಿಂದಲೇ ಬೆಳೆದದ್ದು. ಕೆಳಗೆ ಕೆಂಪು ಕಂದು ಪದರ, ಮೇಲೆ ಹಸಿರು, ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಎಲ್ಲ ಕಡೆ ಒಂದೇ ಬಣ್ಣ ಇರುವುದಿಲ್ಲ. ಬಿದಿರಿನ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದಾಗ ಪುಡಿಯಾಗಿ ಉದುರಿ ಕೆಳಗೆ ಹೊಳೆಯುವ ಹೊಸ ಲೋಹ ಕಂಡರೆ ಅನುಮಾನ ಪಡಿ. ಹತ್ತಿಗೆ ಅಸಿಟೋನ್ ಹಾಕಿ ಒರೆಸಿದಾಗ ಹಸಿರೇ ಹತ್ತಿಗೆ ಬಂದರೆ ಅದು ಪೇಂಟು. ಒಲೆಯ ಹತ್ತಿರ ಈ ಕೆಲಸ ಬೇಡ, ಅಸಿಟೋನಿಗೆ ಬೆಂಕಿ ಬೇಗ ಹಿಡಿಯುತ್ತದೆ.

ಆದರೆ ಹುಳಿ ಹಾಕಿ ತಿಕ್ಕಬೇಡಿ. ನಮ್ಮ ಮನೆಗಳಲ್ಲಿ ತಾಮ್ರದ ಚೆಂಬು, ಹಂಡೆ ಎಲ್ಲ ಹುಳಿ ಹಾಕಿ ತಿಕ್ಕಿ ಫಳಫಳ ಮಾಡುವ ರೂಢಿ, ನಾಣ್ಯ ಕಂಡರೂ ಕೈ ಅಲ್ಲಿಗೇ ಹೋಗುತ್ತದೆ. ಒಮ್ಮೆ ತಿಕ್ಕಿದರೆ ಆ ನಾಣ್ಯದ ಬೆಲೆಯೂ ಹೋಯಿತು, ಅಸಲಿ ನಕಲಿ ಹೇಳಲು ಇದ್ದ ಸಾಕ್ಷಿಯೂ ಹೋಯಿತು. ಕರಾವಳಿಯ ಗಾಳಿಯಲ್ಲಿ ಉಪ್ಪು, ತೇವ ಎರಡೂ ಜಾಸ್ತಿ. ತಾಮ್ರದ ಮೇಲೆ ತಿಳಿಹಸಿರು ಪುಡಿ ಏಳತೊಡಗಿದರೆ ಅದು ರೋಗ, ನಾಣ್ಯವನ್ನು ತಿನ್ನುತ್ತಾ ಹೋಗುತ್ತದೆ. ಅಂಥದ್ದನ್ನು ಬೇರೆ ನಾಣ್ಯಗಳಿಂದ ದೂರ ಇಡಿ. ಸಿಲಿಕಾ ಜೆಲ್ ಚೀಲ ಹಾಕಿದ ಗಾಳಿಯಾಡದ ಡಬ್ಬಿ ಸಾಕು. ಪಿವಿಸಿಯ ಮೆತ್ತನೆ ಆಲ್ಬಂ ಬೇಡ, ಮಳೆಗಾಲ ಕಳೆಯುವಷ್ಟರಲ್ಲಿ ಅದರ ಅಂಟು ನಾಣ್ಯಕ್ಕೆ ಹಿಡಿದಿರುತ್ತದೆ.

ಚಿನ್ನದ ವಿಷಯಕ್ಕೆ ಬರುವ ಮೊದಲು ನನಗೇ ಆದದ್ದು ಹೇಳುತ್ತೇನೆ. ನಾನು ಸಂಗ್ರಹ ಶುರು ಮಾಡಿದ ಎರಡನೇ ವರ್ಷ. ಅಳುಪರ ಗದ್ಯಾಣ ಎಂದು ಒಬ್ಬರು ತೋರಿಸಿದರು. ನಮ್ಮ ತುಳುನಾಡನ್ನು ನೂರಾರು ವರ್ಷ ಆಳಿದವರ ನಾಣ್ಯ. ಉದ್ಯಾವರ, ಮಂಗಳೂರು, ಬಾರಕೂರು ಅವರ ರಾಜಧಾನಿಗಳು. ಒಂದು ಬದಿ ಛತ್ರಿಯ ಕೆಳಗೆ ಜೋಡಿ ಮೀನು, ಇನ್ನೊಂದು ಬದಿ ನಾಗರಿಯಲ್ಲಿ ‘ಶ್ರೀ ಪಾಂಡ್ಯ ಧನಂಜಯ’. ಶಾಸನಗಳಲ್ಲಿ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಎಂದು ಓದಿ ಓದಿ ಮೈ ಜುಮ್ಮೆನ್ನುತ್ತಿದ್ದ ಕಾಲ ಅದು. ಆ ಜೋಡಿ ಮೀನು ಅಂಗೈ ಮೇಲೆ ಬಂದಾಗ ಬೇರೇನೂ ಕಾಣಲಿಲ್ಲ. ಗುರುತಿನ ಅಕ್ಕಸಾಲಿಗರ ಹತ್ತಿರ ಹೋದೆ, ಒರೆಗಲ್ಲಿಗೆ ಹಚ್ಚಿ ನೋಡಿ ಚಿನ್ನ ಒಳ್ಳೆಯದುಂಟು ಎಂದರು. ಟ್ಯೂಷನ್ ಹೇಳಿ ಎರಡು ವರ್ಷ ಕೂಡಿಟ್ಟ ದುಡ್ಡು ಕೊಟ್ಟೆ. ಆರು ತಿಂಗಳ ಮೇಲೆ ಹಿರಿಯ ಸಂಗ್ರಾಹಕರೊಬ್ಬರು ಲೂಪ್ ಇಟ್ಟು ಅಂಚು ನೋಡಿದರು, ಏನೂ ಹೇಳದೆ ಲೂಪನ್ನು ನನ್ನ ಕೈಗೆ ಕೊಟ್ಟರು. ಅಂಚಿನ ಸುತ್ತ ಅರದ ಗೆರೆ. ‘ಧ’ ಅಕ್ಷರದ ಹೊಟ್ಟೆಯಲ್ಲಿ ಮೂರು ಗಾಳಿಗುಂಡಿ. ಚಿನ್ನ ನಿಜ, ನಾಣ್ಯ ಸುಳ್ಳು.

ಅವತ್ತು ನನಗೆ ತುಂಬ ನೋವಾಯಿತು. ದುಡ್ಡಿಗಿಂತ ಜಾಸ್ತಿ, ನಮ್ಮ ಊರಿನ ಅರಸರ ನಾಣ್ಯ ಮುಟ್ಟಿದೆ ಎಂದು ಆರು ತಿಂಗಳು ಪಟ್ಟ ಸಂತೋಷವೇ ಸುಳ್ಳಾಯಿತಲ್ಲ ಎಂದು. ಅಕ್ಕಸಾಲಿಗರು ತಪ್ಪು ಹೇಳಲಿಲ್ಲ. ನಾನು ಕೇಳಿದ್ದು ಚಿನ್ನವಾ ಎಂದು, ಅವರು ಅದಕ್ಕೆ ಉತ್ತರ ಕೊಟ್ಟರು. ಈಗ ಹಾಲ್‌ಮಾರ್ಕ್ ಸೆಂಟರುಗಳಲ್ಲಿ ಎಕ್ಸ್‌ಆರ್‌ಎಫ್ ಯಂತ್ರ ಉಂಟು, ಗೀರು ಬೀಳದ ಹಾಗೆ ಮೇಲ್ಮೈಯ ಲೋಹ ಯಾವುದೆಂದು ತೋರಿಸುತ್ತದೆ. ಒರೆಗಲ್ಲಿಗಿಂತ ಅದು ಮೇಲು. ಆದರೆ ಅದು ಹೇಳುವುದೂ ಲೋಹವನ್ನೇ, ಅದನ್ನು ನಾಣ್ಯ ಮಾಡಿದ ಕಾಲವನ್ನಲ್ಲ.

ಈಗ ನಿಮ್ಮ 6,000ದ ವರಾಹ. ಕೃಷ್ಣದೇವರಾಯ ಆಳಿದ್ದು 1509ರಿಂದ 1529. ಅವನ ವರಾಹದಲ್ಲಿ ಬಾಲಕೃಷ್ಣನೋ ವೆಂಕಟೇಶ್ವರನೋ ಇರುತ್ತಾನೆ, ಹಿಂದೆ ನಾಗರಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ತೂಕ 3.4 ಗ್ರಾಂ ಆಸುಪಾಸು, ಒಳ್ಳೆ ಚಿನ್ನ. ಇವತ್ತು ಚಿನ್ನದಂಗಡಿಯ ಹೊರಗೆ ಬೋರ್ಡಿನಲ್ಲಿ ಬರೆದ ಗ್ರಾಂ ದರವನ್ನು 3.4ರಿಂದ ಗುಣಿಸಿ ಮಾವನಿಗೆ ತೋರಿಸಿ. ಕರಗಿಸಿ ಮಾರಿದರೂ 6,000ಕ್ಕಿಂತ ಎಷ್ಟೋ ಜಾಸ್ತಿ ಬರುವ ವಸ್ತುವನ್ನು ಅಪರಿಚಿತರು ನಿಮಗೆ ಯಾಕೆ ಕೊಡುತ್ತಾರೆ? ಪರೀಕ್ಷೆಯೇ ಬೇಕಿಲ್ಲ. ಆದರೂ ಬೇಕೆಂದರೆ ನೀರಿನ ಪರೀಕ್ಷೆ ಇದೆ. 3.40 ಗ್ರಾಂ ಚಿನ್ನ ನೀರಿನಲ್ಲಿ 0.19, 0.20 ತೋರಿಸುತ್ತದೆ, ಹಿತ್ತಾಳೆಗೆ ಚಿನ್ನದ ಲೇಪ ಹಾಕಿದ್ದು 0.40 ತೋರಿಸುತ್ತದೆ. ತಕ್ಕಡಿಯಲ್ಲಿ ಒಂದು ಅಂಕಿ ಆಚೀಚೆ ಆದರೂ ಇಷ್ಟು ಅಂತರ ಮುಚ್ಚಿಹೋಗುವುದಿಲ್ಲ. ವೀರರಾಯ ಹಣದಂಥ ಸಣ್ಣ ಚಿನ್ನದ ಹಣಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅರ್ಧ ಗ್ರಾಂ ಕೂಡ ತೂಗದ ವಸ್ತು ಅವು. ನಮ್ಮ ಕರಾವಳಿಯಲ್ಲಿ ಅವುಗಳ ನಕಲಿ ಬೇಕಾದಷ್ಟು ತಿರುಗುತ್ತವೆ, ಸದ್ಯ ಅವನ್ನೂ ದೂರ ಇಡಿ.

ಇನ್ನೊಂದು ಮಾತು ಮಾವನಿಗೆ ಖಂಡಿತ ಹೇಳಿ. ಫೋನ್ ಮಾಡಿದರೆ ಮುಂದಿನ ಕತೆ ಹೇಗಿರುತ್ತದೆ ಎಂದು ನಾನೇ ಹೇಳುತ್ತೇನೆ. ಮನೆಯ ಪಾಯ ತೆಗೆಯುವಾಗ, ಇಲ್ಲವೇ ಜೇಸಿಬಿ ಕೆಲಸದಲ್ಲಿ, ಒಂದು ಮಡಕೆ ಸಿಕ್ಕಿತು, ತುಂಬ ಚಿನ್ನ, ಯಾರಿಗೂ ಹೇಳಬೇಡಿ ಎನ್ನುತ್ತಾರೆ. ಒಂದೆರಡು ಚೂರು ನಿಜವಾದ ಚಿನ್ನವನ್ನೇ ಕೊಡುತ್ತಾರೆ, ಅಕ್ಕಸಾಲಿಗರಲ್ಲಿ ತೋರಿಸಿಕೊಂಡು ಬನ್ನಿ ಅನ್ನುತ್ತಾರೆ. ನಂಬಿಕೆ ಬಂದ ಮೇಲೆ ಲಕ್ಷಗಟ್ಟಲೆ ದುಡ್ಡು ತರಿಸಿ ಚೀಲದ ತುಂಬ ಹಿತ್ತಾಳೆ ಬಿಲ್ಲೆ ಕೊಟ್ಟು ಹೋಗುತ್ತಾರೆ. ನಮ್ಮ ರಾಜ್ಯದಲ್ಲಿ ಇದು ಮತ್ತೆ ಮತ್ತೆ ಪೊಲೀಸ್ ಕೇಸಾಗುವ ಮೋಸ. ಒಂದು ವೇಳೆ ಮಡಕೆಯ ಕತೆ ನಿಜವೇ ಆಗಿದ್ದರೂ ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು ಎಂಬ ಕಾನೂನು 1878ರಿಂದಲೇ ಇದೆ. ಮುಚ್ಚಿಟ್ಟು ಮಾರುವುದು ಅಪರಾಧ. ಅಂದರೆ ಕತೆ ಸುಳ್ಳಾದರೆ ದುಡ್ಡು ಹೋಯಿತು, ನಿಜವಾದರೆ ಕೇಸು. ನೂರು ವರ್ಷ ದಾಟಿದ ನಾಣ್ಯಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ಒಳಗೂ ಬರುತ್ತವೆ, ದೇಶದ ಹೊರಗೆ ಕಳಿಸುವಂತಿಲ್ಲ. ಹಾಗಾಗಿ ಕೊಳ್ಳುವುದಾದರೆ ಬಿಲ್ಲು ಕೊಡುವ, ಲೈಸೆನ್ಸ್ ಇರುವ, ನಕಲಿ ಎಂದಾದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬರೆದು ಕೊಡುವವರ ಹತ್ತಿರ ಮಾತ್ರ.

ಕೊಳ್ಳುವುದಕ್ಕೂ ಮೊದಲು ಅಸಲಿಯನ್ನು ಕಣ್ಣು ತುಂಬ ನೋಡಿ. ನಿಮ್ಮ ಉಡುಪಿಯಲ್ಲೇ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಕಾರ್ಪೊರೇಷನ್ ಬ್ಯಾಂಕಿನವರು ಮಾಡಿದ ನಾಣ್ಯ ಸಂಗ್ರಹಾಲಯ ಇದೆ. 1906ರಲ್ಲಿ ಆ ಬ್ಯಾಂಕ್ ಹುಟ್ಟಿದ್ದು ಉಡುಪಿಯಲ್ಲಿ, 2020ರಲ್ಲಿ ಯೂನಿಯನ್ ಬ್ಯಾಂಕಿನ ಜತೆ ಸೇರಿತು. ಹೋಗುವ ಮೊದಲು ಬ್ಯಾಂಕಿನಲ್ಲಿ ಸಮಯ ಕೇಳಿಕೊಳ್ಳಿ. ಮಂಗಳೂರಿಗೆ ಬಂದರೆ ಸೈಂಟ್ ಅಲೋಶಿಯಸ್ ಕಾಲೇಜಿನ ಅಲೋಶಿಯಂ, 1913ರಷ್ಟು ಹಳೆಯದು. ಬಿಜೈಯಲ್ಲಿ ಶ್ರೀಮಂತಿ ಬಾಯಿ ಸರಕಾರಿ ಮ್ಯೂಸಿಯಂ ಇದೆ. ಗಾಜಿನ ಹಿಂದೆ ಇದ್ದರೂ ಪರವಾಗಿಲ್ಲ. ಒಂದೇ ನಾಣ್ಯದ ಮುಂದೆ ಹತ್ತು ನಿಮಿಷ ನಿಂತು ಅಕ್ಷರದ ಬದಿ, ಅಂಚಿನ ಸೀಳು, ಸವೆತ ಎಲ್ಲಿ ಎಂದು ನೋಡಿ. ಹತ್ತು ಸಲ ಹೀಗೆ ನೋಡಿದ ಕಣ್ಣಿಗೆ ಸಂತೆಯ ಬಿಲ್ಲೆ ಕಂಡ ಕೂಡಲೇ ಏನೋ ಸರಿ ಇಲ್ಲ ಅನ್ನಿಸತೊಡಗುತ್ತದೆ.

ಕೊಳ್ಳಲು ಮೊದಲ ವರ್ಷ ಅಗ್ಗದ, ಜಾಸ್ತಿ ಸಿಗುವ ನಾಣ್ಯಗಳೇ ಸಾಕು. ಕಂಪನಿಯ 1835ರ ಕಾಲಾಣೆ, 6.47 ಗ್ರಾಂ. ಮದ್ರಾಸು ಪ್ರಾಂತ್ಯದ 1803, 1808ರ ಕಾಸುಗಳು. ದಕ್ಷಿಣ ಕನ್ನಡ ಮದ್ರಾಸಿನ ಕೆಳಗೇ ಇತ್ತಲ್ಲ, ಇವು ನಮ್ಮ ಅಜ್ಜಂದಿರ ಅಜ್ಜಂದಿರು ಬಳಸಿದವೇ. ಇಂಗ್ಲೆಂಡಿನಲ್ಲಿ ಯಂತ್ರದಿಂದ ಹೊಡೆಸಿ ತಂದವು, ಕೈಯಿಂದ ಹೊಡೆದದ್ದಕ್ಕೂ ಇದಕ್ಕೂ ವ್ಯತ್ಯಾಸ ಕಲಿಯಲು ತುಂಬ ಒಳ್ಳೆಯದು. ಜತೆಗೆ ಸವೆದ ಮೈಸೂರು ಕಾಸು ಒಂದೆರಡು. ಅಗ್ಗದ ನಾಣ್ಯಕ್ಕೆ ನಕಲಿ ಮಾಡುವ ತೊಂದರೆ ಯಾರೂ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ನಿಮ್ಮ ಬೆರಳಿಗೆ ಅಸಲಿಯ ತೂಕ, ಅಂಚು ಅಭ್ಯಾಸವಾಗುತ್ತದೆ.

ನಿಮ್ಮ ಆನೆಯ ಫೋಟೋ ಕಳಿಸಿ. ಬೆಳಗ್ಗಿನ ಓರೆ ಬಿಸಿಲಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ಎರಡು ಬದಿ, ಅಂಚು ಸುತ್ತ ನಾಲ್ಕು ಕಡೆಯಿಂದ, ಪಕ್ಕದಲ್ಲಿ ಒಂದು ಸ್ಕೇಲು. ಒಣ ತೂಕ, ನೀರಿನ ತೂಕ ಎರಡೂ ಬರೆಯಿರಿ. ಅಲ್ಲಿಯವರೆಗೆ ಅದನ್ನು ತೊಳೆಯಬೇಡಿ.